ತಾರಸಿಯ ತೊಟ್ಟಿಯಲ್ಲಿ ಬಜೆಯ ಜೌಗು

ಗ್ರಂಧಿಗೆ ಅಂಗಡಿಯ ಒಣ ತುಂಡಾಗಿ ಮಾತ್ರ ನಮಗೆ ಪರಿಚಯವಿರುವ ಬಜೆ ನಿಜಕ್ಕೂ ಕೆರೆ ಅಂಚಿನ ಬಹುವಾರ್ಷಿಕ ಗಿಡ. ಉತ್ತರ ಬೆಂಗಳೂರಿನ ಮನೆಗಳಲ್ಲಿ ಅದನ್ನು ಸುಲಭವಾಗಿ ಬೆಳೆಸಬಹುದು. ಏಕೆ ಬೆಳೆಸಬೇಕು, ಹೇಗೆ ಬೆಳೆಸಬೇಕು, ಬೆಳೆಸಿ ಏನು ಮಾಡಬಾರದು?

ಬಾಣಂತನ ಕಂಡ ಮನೆಯಲ್ಲಿ ಬಜೆಯ ಹೆಸರು ಕೇಳದವರಿಲ್ಲ. ಆರ್.ಟಿ. ನಗರದಲ್ಲಾಗಲಿ ಯಶವಂತಪುರದಲ್ಲಾಗಲಿ ಗ್ರಂಧಿಗೆ ಅಂಗಡಿಗೆ ಹೋಗಿ ಕೇಳಿದರೆ ಸಾಕು, ಅಂಗಡಿಯವರು ಡಬ್ಬದಿಂದ ಬೆರಳುದ್ದದ ಕಂದು ತುಂಡುಗಳನ್ನು ತೆಗೆದು ಪೊಟ್ಟಣ ಕಟ್ಟಿ ಕೊಡುತ್ತಾರೆ. ಕೂಸಿನ ಕೈಗೆ ಬಜೆಯ ಮಣಿ ಕಟ್ಟುವುದು, ಮಾತು ಚೆನ್ನಾಗಿ ಬರಲೆಂದು ಸಾಣೆಕಲ್ಲಿನ ಮೇಲೆ ತೇಯ್ದು ನಾಲಿಗೆಗೆ ಸವರುವುದು, ಹೊಟ್ಟೆ ಉಬ್ಬರಿಸಿದರೆ ಸುಟ್ಟ ಬಜೆಯನ್ನು ಎಣ್ಣೆಯಲ್ಲಿ ಕಲಸಿ ಹೊಕ್ಕುಳ ಸುತ್ತ ಹಚ್ಚುವುದು, ಎಲ್ಲವೂ ಅಜ್ಜಿಯಿಂದ ಮೊಮ್ಮಗಳಿಗೆ ಬಂದ ರೂಢಿ. ಆದರೆ ಆ ತುಂಡು ಎಂಥ ಗಿಡದ್ದು, ಅದರ ಎಲೆ ಹೇಗಿರುತ್ತದೆ, ಅದು ಎಲ್ಲಿ ಬೆಳೆಯುತ್ತದೆ ಎಂದು ಕೇಳಿದರೆ ಹೆಚ್ಚಿನವರ ಬಳಿ ಉತ್ತರವಿಲ್ಲ. ಔಷಧ ಉಳಿದು ಗಿಡ ಮರೆತುಹೋಗಿದೆ.

ಮರೆತದ್ದಕ್ಕೆ ಕಾರಣವೂ ಇದೆ. ಬಜೆ ಬೆಳೆಯುವುದು ಜೌಗಿನಲ್ಲಿ. ಪೂರ್ತಿ ನೀರೂ ಅಲ್ಲದ, ಪೂರ್ತಿ ನೆಲವೂ ಅಲ್ಲದ ಆ ಅಂಚು ನಮ್ಮ ಸುತ್ತಿನಿಂದ ಬಹುಮಟ್ಟಿಗೆ ಕಾಣೆಯಾಗಿದೆ. ಯಲಹಂಕ, ಜಕ್ಕೂರು, ರಾಚೇನಹಳ್ಳಿ ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಕಟ್ಟಿದ ಸರಪಳಿ. ಒಂದೊಂದು ಕೆರೆಯ ಏರಿಯ ಕೆಳಗೂ ತೂಬಿನ ನೀರು ಜಿನುಗುವ ಒದ್ದೆ ನೆಲವಿತ್ತು, ಅದರಾಚೆ ಗದ್ದೆ. ಅಚ್ಚುಕಟ್ಟು ಬಡಾವಣೆಯಾಯಿತು, ರಾಜಕಾಲುವೆಗೆ ಕಾಂಕ್ರೀಟ್ ಗೋಡೆ ಬಂತು. ಒದ್ದೆ ನೆಲದ ಗಿಡಗಳಿಗೆ ನಿಲ್ಲಲು ಜಾಗ ಇಲ್ಲವಾಯಿತು.

ಕೊರಟಗೆರೆಯ ಬೆಳೆ

ಕರ್ನಾಟಕದಲ್ಲಿ ಬಜೆಯನ್ನು ಬೆಳೆಯಾಗಿಯೇ ಬೆಳೆಯುವ ಸೀಮೆ ಎಂದು ಔಷಧ ಸಸ್ಯಗಳ ಕೈಪಿಡಿಗಳು ಹೆಸರಿಸುವುದು ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕನ್ನು. ಯಲಹಂಕದಿಂದ ದೊಡ್ಡಬಳ್ಳಾಪುರದ ದಾರಿ ಹಿಡಿದರೆ ಅರ್ಧ ದಿನದಲ್ಲಿ ಹೋಗಿಬರಬಹುದಾದ ಊರು ಅದು. ಜಯಮಂಗಲಿ, ಸುವರ್ಣಮುಖಿ ನದಿಗಳು ಹರಿಯುವ ತಾಲ್ಲೂಕು. ಗಿಡಮೂಲಿಕೆಗಳಿಗೆ ಹೆಸರಾದ ಸಿದ್ಧರಬೆಟ್ಟ ಇರುವುದೂ ಅಲ್ಲೇ. ದೇಶದ ಉಳಿದೆಡೆ ಕಾಶ್ಮೀರ, ಹಿಮಾಚಲ, ಮಣಿಪುರ, ನಾಗಾಲ್ಯಾಂಡ್‌ಗಳ ಜೌಗಿನಲ್ಲಿ ಇದು ತಾನಾಗಿ ಬೆಳೆಯುತ್ತದೆ.

ಬೇಸಾಯದ ಕ್ರಮ ಹೆಚ್ಚುಕಡಿಮೆ ಭತ್ತದ್ದೇ. ನೀರು ನಿಲ್ಲಿಸಿ ಉಳುತ್ತಾರೆ, ಕೆಸರು ಮಾಡುತ್ತಾರೆ. ಹಿಂದಿನ ಬೆಳೆಯ ಗೆಡ್ಡೆಯಿಂದ ಚಿಗುರಿರುವ ತುದಿಯನ್ನು ಕತ್ತರಿಸಿ, ಅಡಿಗೊಂದರಂತೆ ಕೆಸರಿಗೆ ಒತ್ತುತ್ತಾರೆ. ಮೊದಲು ಎರಡು ಇಂಚು ನೀರು, ಗಿಡ ಎದ್ದ ಮೇಲೆ ನಾಲ್ಕು ಇಂಚು. ಸುಮಾರು ಹತ್ತು ತಿಂಗಳಿಂದ ವರ್ಷದೊಳಗೆ ಎಲೆ ಹಳದಿಯಾಗಿ ಒಣಗತೊಡಗಿದರೆ ಕಟಾವಿಗೆ ಬಂತೆಂದು ಅರ್ಥ. ಅಗೆದು, ಬೇರಿನ ನಾರು ಬಿಡಿಸಿ, ತುಂಡರಿಸಿ, ನೆರಳಿನಲ್ಲಿ ಒಣಗಿಸಿದರೆ ಅಂಗಡಿಯ ಬಜೆ ಸಿದ್ಧ. ಈ ಕ್ರಮದಲ್ಲಿ ಮನೆಯ ತೊಟ್ಟಿಗೆ ಬೇಕಾದ ಪಾಠವೆಲ್ಲ ಇದೆ: ಕೆಸರು, ನಿಂತ ನೀರು, ಬಿಸಿಲು, ಒಂದು ವರ್ಷದ ತಾಳ್ಮೆ.

ಗಿಡವನ್ನು ಹತ್ತಿರದಿಂದ ನೋಡಿದರೆ

ಬಜೆಗೆ ಕಾಂಡ ಮೇಲೆ ಕಾಣುವುದಿಲ್ಲ. ಅದು ಕೆಸರಿನ ಮೇಲ್ಪದರದಲ್ಲಿ ಅಡ್ಡಡ್ಡ ಹರಿಯುತ್ತ ಹೋಗುತ್ತದೆ. ನಾವು ಬೇರು ಎನ್ನುವುದು ಈ ಕಾಂಡವನ್ನೇ. ಹಸಿಯಾಗಿರುವಾಗ ಅದು ಶುಂಠಿಯ ಹಾಗೆ ಗಂಟುಗಂಟಾಗಿ ಕವಲೊಡೆದು, ಮೇಲೆ ತಿಳಿಗಂದು, ಕೊಯ್ದರೆ ಒಳಗೆ ಬಿಳಿ ಅಥವಾ ನಸುಗೆಂಪು. ಎಲೆ ಬಿದ್ದ ಗುರುತುಗಳು ಮೇಲ್ಮೈಯಲ್ಲಿ ಒಂದರ ಪಕ್ಕ ಒಂದು ಮುಕ್ಕೋನವಾಗಿ ಉಳಿದಿರುತ್ತವೆ. ನಿಜವಾದ ಬೇರುಗಳು ಕೆಳಗಿನಿಂದ ಬಿಳಿ ದಾರಗಳಂತೆ ಇಳಿಯುತ್ತವೆ.

ಎಲೆಗಳು ಎರಡೇ ಸಾಲಿನಲ್ಲಿ, ಬುಡದಲ್ಲಿ ಒಂದನ್ನೊಂದು ಅಪ್ಪಿಕೊಂಡು ಎರಡು-ಮೂರು ಅಡಿ ನೆಟ್ಟಗೆ ನಿಲ್ಲುತ್ತವೆ. ಒಂದು ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ನಡುನರ ಸರಿಯಾಗಿ ನಡುವೆ ಇಲ್ಲ, ಒಂದು ಬದಿಗೆ ಸರಿದಿದೆ. ಅಂಚಿನ ಒಂದು ಭಾಗ ನಿರಿಗೆಯಂತೆ ಅಲೆಅಲೆಯಾಗಿದೆ. ಚಿವುಟಿದರೆ ಗೆಡ್ಡೆಯ ವಾಸನೆಯೇ, ಕೊಂಚ ಸಿಹಿಯಾಗಿ. ಸಂಸ್ಕೃತದ ವೈದ್ಯಗ್ರಂಥಗಳು ವಚಾ ಎನ್ನುವ ಈ ಗಿಡವನ್ನು ಗುರುತಿಸಲು ಇಷ್ಟು ಸಾಕು. ನರ್ಸರಿಗಳಲ್ಲಿ ನೀರಿನ ಗಿಡವೆಂದು ಮಾರುವ ಐರಿಸ್ ಎಲೆ ಮೇಲ್ನೋಟಕ್ಕೆ ಇದೇ ತೆರ ಕಂಡರೂ ಚಿವುಟಿದರೆ ಈ ಪರಿಮಳ ಬರುವುದಿಲ್ಲ. ಅಲಂಕಾರಕ್ಕೆ ಮಾರುವ, ಬಿಳಿ ಪಟ್ಟೆಯ ಕುಳ್ಳು ಗಿಡವೊಂದಿದೆ. ಅದು ಬಜೆಯ ನೆಂಟ, ಬಜೆಯಲ್ಲ.

ಹೂವು ಅಪರೂಪ. ಎಲೆಯಂತೆಯೇ ಕಾಣುವ ದಂಟಿನ ಬದಿಯಿಂದ ಓರೆಯಾಗಿ, ಬೆರಳುದ್ದದ ಹಸಿರುಮಿಶ್ರಿತ ಹಳದಿ ಕೊನೆ ಹೊರಡುತ್ತದೆ. ಅದರ ಮೈತುಂಬ ನೂರಾರು ಚಿಕ್ಕ ಹೂಗಳು ಸಂದಿಲ್ಲದಂತೆ ಜೋಡಣೆಯಾಗಿರುತ್ತವೆ. ಈ ಹೂಗೊಂಚಲು ನೋಡಿಯೇ ಸಸ್ಯವಿಜ್ಞಾನಿಗಳು ಬಹುಕಾಲ ಬಜೆಯನ್ನು ಕೆಸುವಿನ ಕುಟುಂಬಕ್ಕೆ ಸೇರಿಸಿದ್ದರು. ಲಿನೇಯಸ್ 1753ರಲ್ಲಿ ಇದಕ್ಕೆ ಅಕೋರಸ್ ಕ್ಯಾಲಮಸ್ ಎಂದು ಹೆಸರಿಟ್ಟ. ಡಿಎನ್‌ಎ ಅಧ್ಯಯನಗಳು ಬಂದ ಮೇಲೆ ಕಥೆಯೇ ಬದಲಾಯಿತು. ಏಕದಳ ಸಸ್ಯಗಳ ವಂಶವೃಕ್ಷದಲ್ಲಿ ಎಲ್ಲಕ್ಕಿಂತ ಮೊದಲು ಬೇರೆಯಾದ ಕವಲು ಬಜೆಯದು. ಭತ್ತ, ರಾಗಿ, ಬಾಳೆ, ತೆಂಗು, ಕೆಸು ಎಲ್ಲವೂ ಇನ್ನೊಂದು ಕವಲಿಗೆ ಸೇರಿದವು. ಹಾಗಾಗಿ ಈಗ ಬಜೆಗೆ ಅಕೋರೇಸಿ ಎಂಬ ತನ್ನದೇ ಕುಟುಂಬ, ಅದರಲ್ಲಿ ಇರುವುದು ಅಕೋರಸ್ ಎಂಬ ಒಂದೇ ಕುಲ.

ನೀರಿನಲ್ಲಿ ಮುಳುಗಿಯೂ ಕೊಳೆಯದಿರುವುದು ಹೇಗೆ? ಎಲೆಯ ಬುಡವನ್ನು ಬ್ಲೇಡಿನಿಂದ ಅಡ್ಡ ಕೊಯ್ದರೆ ಗೊತ್ತಾಗುತ್ತದೆ. ಒಳಗೆಲ್ಲ ಗಾಳಿ ತುಂಬಿದ ಸಣ್ಣ ಕೋಣೆಗಳು. ನೀರಿನೊಳಗೆ ಹಿಡಿದು ಒತ್ತಿದರೆ ಗುಳ್ಳೆ ಏಳುತ್ತದೆ. ಎಲೆ ಹೀರಿದ ಗಾಳಿ ಈ ಕೋಣೆಗಳ ಮೂಲಕ ಗೆಡ್ಡೆಗೂ ಬೇರಿಗೂ ಇಳಿಯುತ್ತದೆ, ಅಲ್ಲಿಂದ ಒಂದಷ್ಟು ಆಮ್ಲಜನಕ ಕೆಸರಿಗೂ ಸೋರುತ್ತದೆ. ಬೇರಿನ ಸುತ್ತಲಿನ ಆ ತೆಳು ಪದರದಲ್ಲಿ ಬದುಕುವ ಸೂಕ್ಷ್ಮಜೀವಿಗಳು ಕೊಳಕನ್ನು ಒಡೆಯುತ್ತವೆ, ಸಾರಜನಕ, ರಂಜಕವನ್ನು ಗಿಡ ಹೀರುತ್ತದೆ. ಜಕ್ಕೂರು ಕೆರೆಯಲ್ಲಿ ನಡೆದದ್ದೂ ಇದೇ ತತ್ವದ ಕೆಲಸ. ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದೊಂದಿಗೆ ಶುರುವಾದ ಕೊಳಚೆ ನೀರು ಶುದ್ಧೀಕರಣ ಘಟಕದಿಂದ ಹೊರಬಂದ ನೀರು ನೇರ ಕೆರೆಗೆ ಬೀಳದೆ, ಜೊಂಡು ತುಂಬಿದ ಜೌಗನ್ನು ಹಾದು ಸೇರುವಂತೆ ಮಾಡಲಾಯಿತು. ಅಲ್ಲಿ ಜೊಂಡು ಮಾಡುವ ಕೆಲಸವನ್ನು ತೊಟ್ಟಿಯ ಬಜೆ ಚಿಕ್ಕ ಅಳತೆಯಲ್ಲಿ ಮಾಡುತ್ತದೆ.

ಗೆಡ್ಡೆ ಎಲ್ಲಿ ಸಿಗುತ್ತದೆ?

ಅಂಗಡಿಯ ಬಜೆ ನೆಟ್ಟರೆ ಚಿಗುರದು, ಅದು ಒಣಗಿ ಜೀವ ಹೋದ ಸರಕು. ಬೇಕಿರುವುದು ಹಸಿ ಗೆಡ್ಡೆ. ಈ ವಿಷಯದಲ್ಲಿ ಉತ್ತರ ಬೆಂಗಳೂರಿನವರು ಪುಣ್ಯವಂತರು. ಔಷಧ ಸಸ್ಯಗಳ ಬಗ್ಗೆ ದೇಶದಲ್ಲೇ ಗಟ್ಟಿ ಕೆಲಸ ಮಾಡಿದ ಸಂಸ್ಥೆಗಳು ನಮ್ಮ ಸುತ್ತಲೇ ಇವೆ. ಯಲಹಂಕದ ಬಳಿಯ ಜಾರಕಬಂಡೆ ಕಾವಲ್‌ನಲ್ಲಿ, 1993ರಲ್ಲಿ ಹುಟ್ಟಿದ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಇದೆ. ಸ್ಥಳೀಯ ವೈದ್ಯಪರಂಪರೆಗಳ ಪುನರುಜ್ಜೀವನವೇ ಅದರ ಗುರಿ. ಮನೆಯಂಗಳದ ಮೂಲಿಕಾ ತೋಟ ಎಂಬ ಕಲ್ಪನೆಯನ್ನು ದಕ್ಷಿಣ ಭಾರತದ ಹಳ್ಳಿಗಳಿಗೆ ಒಯ್ದವರು ಅವರು. ಜಿಕೆವಿಕೆಯಲ್ಲಿ ಕೃಷಿ ವಿಶ್ವವಿದ್ಯಾಲಯದ ಔಷಧ ಸಸ್ಯಗಳ ತೋಟ ಸಂಜೀವಿನಿ ವಾಟಿಕವಿದೆ, ಅದರ ನೆರೆಯ ಅಲ್ಲಾಳಸಂದ್ರದಲ್ಲಿ ಔಷಧ ಮತ್ತು ಸುಗಂಧ ಸಸ್ಯಗಳ ಕೇಂದ್ರೀಯ ಸಂಸ್ಥೆಯಾದ ಸಿಮ್ಯಾಪ್‌ನ ಸಂಶೋಧನಾ ಕೇಂದ್ರವಿದೆ, ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿದೆ. ಜಿಕೆವಿಕೆಯ ಕೃಷಿ ಮೇಳಕ್ಕೆ ಹೋದಾಗಲೂ ವಿಚಾರಿಸಬಹುದು. ಎಲ್ಲಕ್ಕಿಂತ ಒಳ್ಳೆಯದು, ಈಗಾಗಲೇ ಬೆಳೆಸಿರುವವರಿಂದ ಒಂದು ಕವಲು ಕೇಳಿ ಪಡೆಯುವುದು. ಕೆರೆ, ಹಳ್ಳಗಳಿಂದ ಕಿತ್ತು ತರುವುದು ಬೇಡ. ಉಳಿದಿರುವುದು ಅಲ್ಲೇ ಉಳಿಯಲಿ.

ತೊಟ್ಟಿ ಕಟ್ಟುವ ಬಗೆ

ಒಂದೂವರೆ ಅಡಿ ಅಗಲ, ಒಂದು ಅಡಿ ಆಳದ ಪ್ಲಾಸ್ಟಿಕ್ ಟಬ್ಬು ಅಥವಾ ಸಿಮೆಂಟ್ ತೊಟ್ಟಿ ಒಂದು ಕುಟುಂಬಕ್ಕೆ ಸಾಕು. ತಳದಲ್ಲಿ ತೂತು ಬೇಡ. ಬಾಯಿಯಿಂದ ಎರಡು ಇಂಚು ಕೆಳಗೆ ಬದಿಯಲ್ಲಿ ಒಂದು ತೂತು ಮಾಡಿದರೆ ಜೋರು ಮಳೆಯ ನೀರು ಅಲ್ಲಿಂದ ಹೊರಹೋಗುತ್ತದೆ. ನೆನಪಿಡಬೇಕಾದ ಲೆಕ್ಕವೊಂದಿದೆ: ಈ ಅಳತೆಯ ತೊಟ್ಟಿ ಒದ್ದೆ ಮಣ್ಣು ತುಂಬಿದಾಗ ಎಪ್ಪತ್ತು ಕಿಲೋ ದಾಟುತ್ತದೆ. ಎರಡಡಿ ಅಗಲದ್ದಾದರೆ ನೂರೈವತ್ತು ಕಿಲೋಗೆ ಹತ್ತಿರ. ತಾರಸಿಯಲ್ಲಿ ಇಡುವುದಾದರೆ ಗೋಡೆ ಅಥವಾ ತೊಲೆಯ ನೇರಕ್ಕೆ, ಇಟ್ಟಿಗೆಯ ಮೇಲೆ ಎತ್ತರಿಸಿ ಇಡಿ. ದಿನಕ್ಕೆ ಆರೇಳು ಗಂಟೆ ಬಿಸಿಲು ಬೀಳಬೇಕು. ನೆರಳಿನಲ್ಲಿ ಗಿಡ ಸಾಯುವುದಿಲ್ಲ, ಆದರೆ ಗೆಡ್ಡೆ ದಪ್ಪವಾಗುವುದಿಲ್ಲ.

ನಮ್ಮ ಕಡೆಯ ಕೆಂಪು ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು. ಹಸಿ ಗೊಬ್ಬರ ಹಾಕಿದರೆ ನೀರಿನಡಿ ಕೊಳೆತು ನಾರುತ್ತದೆ. ತೆಂಗಿನ ನಾರಿನ ಪುಡಿ ಬೇಡವೇ ಬೇಡ, ಅದು ತೇಲುತ್ತದೆ. ಕೆರೆಯ ಗೋಡು ಹಿಂದೆ ಚಿನ್ನದಂಥ ಗೊಬ್ಬರವಾಗಿತ್ತು ನಿಜ. ಈಗ ಒಳಚರಂಡಿ, ಕಾರ್ಖಾನೆಯ ನೀರು ಸೇರಿದ ಕೆರೆಯ ಹೂಳನ್ನು ಮನೆಗೆ ತರಬಾರದು, ಅದರ ಭಾರಲೋಹಗಳನ್ನು ಜೌಗಿನ ಗಿಡಗಳು ಹೀರಿಕೊಳ್ಳುತ್ತವೆ. ಮಣ್ಣಿಗೆ ನೀರು ಬೆರೆಸಿ ಕೈಯಿಂದಲೇ ಚೆನ್ನಾಗಿ ಕಿವುಚಿ ಕೆಸರು ಮಾಡಿ, ಎರಡು ದಿನ ಕೂರಲು ಬಿಡಿ.

ನೆಡಲು ಒಳ್ಳೆಯ ಕಾಲ ಮುಂಗಾರು ಹಿಡಿದ ಮೇಲೆ, ಮೃಗಶಿರ ಮಳೆಯ ಹೊತ್ತು. ಗೆಡ್ಡೆಯ ಬೆಳೆಯುವ ತುದಿಯನ್ನು ಎರಡು-ಮೂರು ಇಂಚು ಉದ್ದಕ್ಕೆ ಕತ್ತರಿಸಿ, ಎಲೆಗಳನ್ನು ಗೇಣುದ್ದ ಬಿಟ್ಟು ಸವರಿ. ನೇರ ನೆಡುವುದಲ್ಲ, ಕೆಸರಿನಲ್ಲಿ ಅಡ್ಡ ಮಲಗಿಸಿ ಒಂದೂವರೆ ಇಂಚು ಆಳಕ್ಕೆ ಒತ್ತಬೇಕು. ಚಿಗುರು ಮೇಲಿರಬೇಕು, ತೊಟ್ಟಿಯ ನಡುವಿನ ಕಡೆಗೆ ಮುಖ ಮಾಡಿರಬೇಕು. ಗಿಡ ಮುಂದಕ್ಕೆ ಹರಿಯುವುದು ಚಿಗುರಿರುವ ದಿಕ್ಕಿಗೆ. ಅಂಚಿನಲ್ಲಿ ಹೊರಮುಖವಾಗಿ ನೆಟ್ಟರೆ ಗೆಡ್ಡೆ ಗೋಡೆಗೆ ಮುಟ್ಟಿ ಮಡಚಿಕೊಳ್ಳುತ್ತದೆ. ಒಂದೂವರೆ ಅಡಿಯ ತೊಟ್ಟಿಗೆ ಎರಡು ತುಂಡು ಸಾಕು. ಉಳಿದ ಜಾಗದಲ್ಲಿ ಒಂದೆಲಗ ಅಥವಾ ನೀರುಬ್ರಾಹ್ಮಿ ಹಬ್ಬಿಸಬಹುದು, ಅವೂ ಇದೇ ಅಂಚಿನ ಬಹುವಾರ್ಷಿಕಗಳು. ಆದರೆ ಹೂವು ಚಂದವೆಂದು ವಾಟರ್ ಹಯಸಿಂತ್ ಮಾತ್ರ ಸೇರಿಸಬೇಡಿ. ದಕ್ಷಿಣ ಅಮೆರಿಕದಿಂದ ಬಂದ ಆ ಗಿಡ ನಮ್ಮ ಕೆರೆಗಳನ್ನು ಏನು ಮಾಡಿದೆ ಎಂಬುದು ಕಣ್ಣೆದುರಿಗೇ ಇದೆ.

ನೀರು ಎಲ್ಲಿಂದ, ಸೊಳ್ಳೆಗೇನು ದಾರಿ?

ನೀರಿಗೇ ಪರದಾಡುವ ಊರಿನಲ್ಲಿ ಜೌಗಿನ ಗಿಡವೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯುವುದಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿದ್ದು ನೆನಪಿರಬಹುದು. ತಳ ತೂತಿಲ್ಲದ ತೊಟ್ಟಿಯಿಂದ ನೀರು ಇಂಗಿ ಹೋಗುವುದಿಲ್ಲ, ಹೋಗುವುದು ಆವಿಯಾಗಿ ಮಾತ್ರ. ಏಪ್ರಿಲ್‌ನ ಬಿಸಿಲಿನಲ್ಲೂ ಈ ಅಳತೆಯ ತೊಟ್ಟಿಗೆ ದಿನಕ್ಕೆ ಒಂದೆರಡು ಲೀಟರ್ ಸಾಕು. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರೇ ಅದಕ್ಕಿಂತ ಹೆಚ್ಚಿರುತ್ತದೆ. ಸೋಪು, ಉಪ್ಪು, ಎಣ್ಣೆ ಸೇರಿದ ನೀರು ಬೇಡ. ಮಳೆ ನೀರು ಹಿಡಿದಿಟ್ಟರಂತೂ ಚಿಂತೆಯೇ ಇಲ್ಲ. ಬೆಂಗಳೂರಿನ ಸರಾಸರಿ ವಾರ್ಷಿಕ ಮಳೆ ಸುಮಾರು 970 ಮಿ.ಮೀ.; 30×40 ನಿವೇಶನದ ಮೇಲೆ ವರ್ಷಕ್ಕೆ ಬೀಳುವ ನೀರು ಒಂದು ಲಕ್ಷ ಲೀಟರ್ ದಾಟುತ್ತದೆ. ಅದರಲ್ಲಿ ಬಜೆ ಕೇಳುವುದು ತೀರಾ ಸಣ್ಣ ಪಾಲು. ಅದು ಕೇಳುವ ದೊಡ್ಡ ಸಂಗತಿ ಬೇರೆ: ತೇವ ಒಂದು ದಿನವೂ ಆರಬಾರದು. ಊರಿಗೆ ಹೋಗುವಾಗ ತೊಟ್ಟಿ ತುಂಬಿಸಿ, ನೆರೆಮನೆಯವರಿಗೆ ಹೇಳಿ ಹೋಗಬೇಕು.

ಸೊಳ್ಳೆಯ ಭಯ ಇದಕ್ಕಿಂತ ನಿಜವಾದದ್ದು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮನೆಯ ಶುದ್ಧ ನೀರೇ ಇಷ್ಟ, ಮೊಟ್ಟೆಯಿಂದ ಸೊಳ್ಳೆಯಾಗಲು ಅದಕ್ಕೆ ವಾರ-ಹತ್ತು ದಿನ ಸಾಕು. ಇದಕ್ಕೆ ಸರಳ ದಾರಿ, ಕಣ್ಣಿಗೆ ಕಾಣುವ ನೀರನ್ನೇ ಇಡದಿರುವುದು. ಕೆಸರಿನ ಮೇಲೆ ಎರಡು ಇಂಚು ಸಣ್ಣ ಜಲ್ಲಿ ಹರಡಿ, ನೀರಿನ ಮಟ್ಟ ಜಲ್ಲಿಯ ಮೇಲ್ಮೈಗಿಂತ ಅರ್ಧ ಇಂಚು ಕೆಳಗೇ ಇರುವಂತೆ ನೋಡಿಕೊಳ್ಳಿ. ಬೇರಿಗೆ ಬೇಕಾದಷ್ಟು ನೀರಿರುತ್ತದೆ, ಲಾರ್ವಾ ಈಜಲು ಜಾಗ ಇರುವುದಿಲ್ಲ. ಬದಿಯ ತೂತನ್ನು ಈ ಮಟ್ಟಕ್ಕೇ ಕೊರೆದರೆ ಮಳೆಗಾಲದಲ್ಲೂ ಮಟ್ಟ ತಪ್ಪುವುದಿಲ್ಲ. ನೀರು ಮೇಲೆ ಕಾಣುವಂತೆಯೇ ಇಡಬೇಕೆಂದರೆ ಗಪ್ಪಿ ಮೀನು ಬಿಡಬಹುದು, ಅವು ಲಾರ್ವಾ ತಿನ್ನುತ್ತವೆ. ಆದರೆ ಅವು ಹೊರದೇಶದ ಮೀನುಗಳು. ತೊಟ್ಟಿ ತೊಳೆಯುವಾಗ ಅವನ್ನು ಕೆರೆಗೋ ಕಾಲುವೆಗೋ ಸುರಿಯಬಾರದು.

ಬೆಳೆಸಿ, ಮಗುವಿನ ಬಾಯಿಗೆ ಹಾಕಬೇಡಿ

ಈ ಮಾತನ್ನು ನಾನು ಗಟ್ಟಿಯಾಗಿಯೇ ಹೇಳಬೇಕು. ಬಜೆಗೆ ಆ ಗಂಧ ಬರುವುದು ಅದರ ಎಣ್ಣೆಯಿಂದ. ನಮ್ಮ ಬಜೆಯ ಎಣ್ಣೆಯಲ್ಲಿ ದೊಡ್ಡ ಪಾಲು ಬೀಟಾ-ಅಸರೋನ್ ಎಂಬ ಸಂಯುಕ್ತ. ಇದನ್ನು ತಿನ್ನಿಸಿದ ಇಲಿಗಳಲ್ಲಿ ಕ್ಯಾನ್ಸರ್ ಗಡ್ಡೆ ಕಂಡ ಮೇಲೆ ಅಮೆರಿಕ 1968ರಲ್ಲಿ ಆಹಾರದಲ್ಲಿ ಬಜೆಯ ಬಳಕೆಯನ್ನೇ ನಿಷೇಧಿಸಿತು. ಎಲ್ಲ ಬಜೆಯಲ್ಲೂ ಇದು ಒಂದೇ ಪ್ರಮಾಣದಲ್ಲಿಲ್ಲ, ಅದು ಗಿಡದಲ್ಲಿ ವರ್ಣತಂತುಗಳ ಎಷ್ಟು ಜೊತೆ (ಸೆಟ್) ಇವೆ ಎಂಬುದನ್ನು ಅವಲಂಬಿಸಿದೆ. ಉತ್ತರ ಅಮೆರಿಕದಲ್ಲಿ ಬೆಳೆಯುವ ಎರಡು ಜೊತೆಯ ಬಗೆಯಲ್ಲಿ ಬೀಟಾ-ಅಸರೋನ್ ಇಲ್ಲವೇ ಇಲ್ಲ. ಯುರೋಪಿನ ಮೂರು ಜೊತೆಯ ಬಗೆಯಲ್ಲಿ ಕಡಿಮೆ. ಏಷ್ಯಾದ ನಾಲ್ಕು ಜೊತೆಯ ಬಗೆಯಲ್ಲಿ ತುಂಬ ಹೆಚ್ಚು. ಮೂರು ಜೊತೆಯ ಗಿಡ ಬೀಜ ಕಟ್ಟುವುದಿಲ್ಲ. 16ನೇ ಶತಮಾನದಲ್ಲಿ ಇಸ್ತಾಂಬುಲ್‌ನಿಂದ ಬಂದ ಗೆಡ್ಡೆಯನ್ನು ವಿಯೆನ್ನಾದಲ್ಲಿ ಸಸ್ಯವಿಜ್ಞಾನಿ ಕ್ಲೂಸಿಯಸ್ ನೆಟ್ಟು ಬೆಳೆಸಿದ ಮೇಲೆ ಯುರೋಪಿನ ತುಂಬ ಅದು ಹರಡಿದ್ದು ಗೆಡ್ಡೆಯ ತುಂಡುಗಳಿಂದಲೇ, ಬಹುಪಾಲು ಮನುಷ್ಯರ ಕೈಯಿಂದಲೇ.

ಆಯುರ್ವೇದ ಬಜೆಯನ್ನು ಹಗುರವಾಗಿ ಕಂಡಿಲ್ಲ. ಚರಕಸಂಹಿತೆ ಇದನ್ನು ಸಂಜ್ಞಾಸ್ಥಾಪನ ಗುಂಪಿನಲ್ಲಿ, ಎಂದರೆ ಪ್ರಜ್ಞೆ ಮರಳಿಸುವ ದ್ರವ್ಯಗಳ ಜೊತೆ ಇಟ್ಟಿದೆ. ಇಂಥ ದ್ರವ್ಯವನ್ನು ಶೋಧನೆ ಮಾಡಿ, ಅಳತೆ ನೋಡಿ ಕೊಡುವುದು ವೈದ್ಯರ ಕೆಲಸ. ತೊಟ್ಟಿಯಿಂದ ಕಿತ್ತು ಅಂದಾಜಿಗೆ ತೇಯ್ದು ಕೊಡುವುದು ಬೇರೆ. ಕೂಸಿಗೆ ಮೊದಲ ಆರು ತಿಂಗಳು ಎದೆಹಾಲಿನ ಹೊರತು ಬೇರೇನೂ ಬೇಡ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಬಜೆಗೂ ಅನ್ವಯಿಸುತ್ತದೆ. ಅಜ್ಜಿಯರ ಅಕ್ಕರೆಯನ್ನು ನಾನು ಕಡೆಗಣಿಸುತ್ತಿಲ್ಲ. ಅವರ ಕಾಲದಲ್ಲಿ ಅವರಿಗೆ ತಿಳಿದ ಅತ್ಯುತ್ತಮವನ್ನು ಅವರು ಮಾಡಿದರು. ಈಗ ನಮಗೆ ತಿಳಿದಿರುವುದನ್ನು ನಾವು ಮಾಡಬೇಕು.

ಹಾಗಾದರೆ ಗೆಡ್ಡೆ ಯಾತಕ್ಕೆ? ಬಿತ್ತನೆಗೆಂದು ಎತ್ತಿಟ್ಟ ಅವರೆ, ಅಲಸಂದೆ, ಹುರುಳಿ ಕಾಳಿಗೆ ನುಸಿ ಬೀಳದಂತೆ ಒಣ ಬಜೆಯ ಪುಡಿ ಬೆರೆಸುವುದು ರೈತರು ಕಂಡುಕೊಂಡ ಉಪಾಯ. ಕೀಟಗಳ ಸಂತಾನಶಕ್ತಿಯನ್ನೇ ಬೀಟಾ-ಅಸರೋನ್ ಕುಗ್ಗಿಸುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ತಾರಸಿ ತೋಟದವರು ಮುಂದಿನ ಹಂಗಾಮಿಗೆ ಬೀಜ ಕಾಪಿಡಲು ಇದು ಒಳ್ಳೆಯ ದಾರಿ. ತಿನ್ನುವ ಕಾಳಿಗೆ ಬೇಡ, ಬಿತ್ತುವ ಕಾಳಿಗೆ ಮಾತ್ರ. ಬಟ್ಟೆಯ ಪೆಟ್ಟಿಗೆಯಲ್ಲಿ, ಪುಸ್ತಕದ ಕಪಾಟಿನಲ್ಲಿ ಒಂದೆರಡು ಒಣ ತುಂಡು ಇಟ್ಟರೂ ಹುಳುವಿಗೆ ಆಗದು.

ತೊಟ್ಟಿಯಿಂದ ಕೆರೆಗೆ

ವರ್ಷ ಕಳೆದ ಮೇಲೆ ತೊಟ್ಟಿ ಗೆಡ್ಡೆಗಳಿಂದ ತುಂಬಿ ಎಲೆ ಸಣ್ಣದಾಗತೊಡಗುತ್ತದೆ. ಆಗ ಇಡೀ ಗಿಡವನ್ನು ಎತ್ತಿ, ಹಳೆಯ ಭಾಗ ಬೇರ್ಪಡಿಸಿ, ಚಿಗುರಿರುವ ಎರಡು ತುದಿಗಳನ್ನು ಮತ್ತೆ ನೆಟ್ಟು, ಉಳಿದವನ್ನು ಹಂಚಬೇಕು. ಅಪಾರ್ಟ್‌ಮೆಂಟಿನ ಮಕ್ಕಳಿಗೆ, ಬೀದಿಯ ಗೆಳೆಯರಿಗೆ, ಶಾಲೆಯ ತೋಟಕ್ಕೆ. ಬಜೆ ಶತಮಾನಗಳಿಂದ ಹೀಗೆ ಕೈಯಿಂದ ಕೈಗೆ ಹೋಗಿಯೇ ಉಳಿದಿದೆ.

ಆದರೆ ನೂರು ತಾರಸಿಗಳ ನೂರು ತೊಟ್ಟಿ ಸೇರಿದರೂ ಒಂದು ಕೆರೆಯಂಚಿಗೆ ಸಮವಾಗದು. ಕೆರೆ ಅಭಿವೃದ್ಧಿ ಎಂದರೆ ಹೂಳೆತ್ತಿ ಬಟ್ಟಲಿನಂತೆ ಕೊರೆಯುವುದು, ದಡಕ್ಕೆ ಕಲ್ಲು ಕಟ್ಟುವುದು, ಸುತ್ತ ನಡಿಗೆ ಪಥ ಹಾಕುವುದು ಎಂಬ ತಿಳಿವಳಿಕೆ ಇನ್ನೂ ಬಲವಾಗಿದೆ. ಕಡಿದಾಗಿ ಇಳಿಯುವ ಕಲ್ಲಿನ ದಡದಲ್ಲಿ ಬಜೆಯಾಗಲಿ, ಜೊಂಡಾಗಲಿ, ಒಂದೆಲಗವಾಗಲಿ ಬೇರೂರಲಾರದು. ಅವಕ್ಕೆ ಬೇಕಿರುವುದು ಮೊಣಕಾಲುದ್ದಕ್ಕಿಂತ ಕಡಿಮೆ ನೀರು ಇರುವ, ನಿಧಾನವಾಗಿ ಇಳಿಯುವ ಅಂಚು. ಮೀನು ಮರಿ ಮಾಡುವುದು, ನಾಮಗೋಳಿ ಗೂಡು ಕಟ್ಟುವುದು, ಹರಿದುಬಂದ ನೀರು ಸೋಸಿಕೊಳ್ಳುವುದು ಅಲ್ಲೇ. ಅರ್ಧ ಇಂಚು ನೀರಿನ ಏರುಪೇರು ಗಿಡಕ್ಕೆ ಎಷ್ಟು ಮುಖ್ಯ ಎಂದು ಸ್ವಂತ ತೊಟ್ಟಿಯಲ್ಲಿ ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ನಿಮ್ಮ ಬಡಾವಣೆಯ ಕೆರೆಗೆ ಮುಂದಿನ ಯೋಜನೆ ಬಂದಾಗ ನಕ್ಷೆ ಕೇಳಿ ನೋಡಿ, ಇಳಿಜಾರಿನ ಅಂಚಿಗೆ ಎಷ್ಟು ಜಾಗ ಬಿಟ್ಟಿದ್ದಾರೆ ಎಂದು ಪ್ರಶ್ನಿಸಿ, ಬಿಟ್ಟಿಲ್ಲವಾದರೆ ಬಿಡುವವರೆಗೂ ಪಟ್ಟು ಹಿಡಿಯಿರಿ. ಅಂಥ ಒಂದು ಅಂಚು ಸಿಕ್ಕ ದಿನ ಅಲ್ಲಿಗೆ ಬೇಕಾದ ಗೆಡ್ಡೆಗಳು ನಮ್ಮ ತೊಟ್ಟಿಗಳಲ್ಲಿ ಸಿದ್ಧವಿರಬೇಕು. ಬಜೆ ಬೆಳೆಸಲು ಇದಕ್ಕಿಂತ ದೊಡ್ಡ ಕಾರಣ ನನಗೆ ಬೇರೆ ಕಾಣದು.